ಮಾಂಕ್ಟನ್‌ಗೆ ಹೊಸದಾಗಿ ಬರ್ತಿರೋ ಕನ್ನಡದೋರಿಗೆ: ಇಲ್ಲಿ ಎಲ್ಲಾ ಎರಡೆರಡು ಯಾಕಿದೆ

ಪಿಆರ್ (ಕಾಯಂ ನೆಲೆಸೋ ಹಕ್ಕು) ಮೇಲೋ ಸ್ಟಡಿ ಪರ್ಮಿಟ್ ಮೇಲೋ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಬಂದಿಳಿಯೋ ನಮ್ಮೋರು ಹೆಚ್ಚುಕಮ್ಮಿ ಎಲ್ರೂ ಕೇಳೋ ಪ್ರಶ್ನೆ ಒಂದಿದೆ, ಎಂಟು ಲಕ್ಷದ ಆಸುಪಾಸು ಜನ ಇರೋ ಪ್ರಾಂತ್ಯಕ್ಕೆ ಇಂಗ್ಲಿಷ್‌ಗೊಂದು ಫ್ರೆಂಚ್‌ಗೊಂದು ಅಂತ ಎರಡು ಆಸ್ಪತ್ರೆ ಸಂಸ್ಥೆ, ಎರಡು ಸ್ಕೂಲ್ ವ್ಯವಸ್ಥೆ, ಎರಡು ಸರ್ಕಾರಿ ಕಾಲೇಜು ಯಾಕೆ, ದುಡ್ಡು ದಂಡ ಅಲ್ವಾ ಅಂತ. ದಂಡ ಅಲ್ಲ. ಇದರ ಹಿಂದೆ ಇರೋ ಕಥೆ ಗೊತ್ತಿಲ್ದೆ ಆಫೀಸಲ್ಲೋ ಪಾರ್ಟಿಲೋ ಈ ಮಾತು ಆಡಿದ್ರೆ ಎದುರಿಗಿರೋ ಅಕೇಡಿಯನ್ (ಇಲ್ಲಿಯ ಫ್ರೆಂಚ್ ಮಾತಾಡೋ ಸಮುದಾಯದ) ಮನುಷ್ಯನಿಗೆ ನಿಜವಾಗ್ಲೂ ನೋವಾಗತ್ತೆ, ಅದಕ್ಕೇ ಮೊದಲು ಚರಿತ್ರೆ ಹೇಳ್ತೀನಿ, ಆಮೇಲೆ ಕಾರ್ಡು, ಸ್ಕೂಲು, ಆಸ್ಪತ್ರೆ.

ಅಕೇಡಿಯನ್ನರು ಕ್ವಿಬೆಕ್‌ನಿಂದ ಬಂದೋರಲ್ಲ, ದಯವಿಟ್ಟು ಹಾಗೆ ಅಂದ್ಕೋಬೇಡಿ. ಅವರ ಹಿರಿಯರು 1604ರಲ್ಲಿ ಸೇಂಟ್ ಕ್ರಾಯ್ ದ್ವೀಪಕ್ಕೆ, ಮಾರನೇ ವರ್ಷ ಪೋರ್ ರೊಯಾಲ್‌ಗೆ ಬಂದು ನೆಲೆ ನಿಂತ ಫ್ರೆಂಚರು, ಅಂದ್ರೆ ಕ್ವಿಬೆಕ್ ಊರು ಹುಟ್ಟೋಕೂ ಮುಂಚೆ. ಇಲ್ಲಿ ಮೊದಲಿಂದ ಇದ್ದ ಮಿಕ್‌ಮಾ ಜನರ ಜೊತೆ ಒಟ್ಟಾರೆ ಹೊಂದ್ಕೊಂಡು ಬಾಳಿದ್ರು. ಫಂಡಿ ಕೊಲ್ಲಿಯ ಉಬ್ಬರ ಎಷ್ಟು ಜೋರು ಅಂತ ಪೆಟಿಕೋಡಿಯಾಕ್ ನದಿ ದಡದಲ್ಲಿ ನಿಂತ್ರೆ ನಿಮಗೇ ಗೊತ್ತಾಗತ್ತೆ, ಆ ಉಪ್ಪುನೀರು ನುಗ್ಗೋ ಜೌಗು ನೆಲಕ್ಕೆ ಇವರು ಮಣ್ಣಿನ ಒಡ್ಡು ಕಟ್ಟಿ, ಒಡ್ಡಿನ ಬುಡದಲ್ಲಿ ಮರದ ತೂಬು ಇಟ್ರು, ಇಳಿತದಲ್ಲಿ ಒಳಗಿನ ಮಳೆನೀರು ಹೊರಗೆ ಹರಿದುಹೋಗತ್ತೆ, ಉಬ್ಬರ ಬಂದಾಗ ತೂಬಿನ ಬಾಗಿಲು ತಾನಾಗೇ ಮುಚ್ಕೊಳತ್ತೆ, ಕೆಲವು ವರ್ಷದ ಮಳೆಗೆ ಉಪ್ಪೆಲ್ಲ ತೊಳೆದು ಹೋದ್ಮೇಲೆ ಒಳ್ಳೆ ಫಲವತ್ತಾದ ಹೊಲ. ಕುಮಟಾ ಕಡೆಯೋರಿಗೆ ಗಜನಿ ಗದ್ದೆ ನೆನಪಾಗಬಹುದು, ಕೆಲಸ ಅದೇ ಥರದ್ದು. ನಾನು ಇದನ್ನ ಇಷ್ಟು ಉದ್ದ ಯಾಕೆ ಹೇಳ್ತಿದೀನಿ ಅಂದ್ರೆ ಮುಂದೆ ಕಿತ್ಕೊಂಡಿದ್ದು ಈ ನೆಲಾನೇ.

1713ರ ಒಪ್ಪಂದದಲ್ಲಿ ಈ ಜಾಗದ ಬಹುಭಾಗ ಬ್ರಿಟಿಷರ ಕೈಗೆ ಹೋಯ್ತು. ಯುದ್ಧ ಬಂದ್ರೆ ನಾವು ಯಾರ ಪರವಾಗೂ ಆಯುಧ ಹಿಡಿಯಲ್ಲ ಅಂತ ಅಕೇಡಿಯನ್ನರು, ಷರತ್ತಿಲ್ದೆ ರಾಜನಿಷ್ಠೆಯ ಪ್ರಮಾಣ ಮಾಡಿ ಅಂತ ಬ್ರಿಟಿಷರು. 1755ರಲ್ಲಿ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್ ಮತ್ತು ಅವನ ಕೌನ್ಸಿಲ್ ಇವರನ್ನೆಲ್ಲ ಗಡೀಪಾರು ಮಾಡೋಕೆ ತೀರ್ಮಾನ ಮಾಡಿದ್ರು. ಮನೆಗಳಿಗೆ ಬೆಂಕಿ ಇಟ್ಟು, ಜನನ್ನ ಹಡಗಿಗೆ ತುಂಬಿ ದಕ್ಷಿಣದ ಇಂಗ್ಲಿಷ್ ವಸಾಹತುಗಳಿಗೆ ಸಾಗಿಸಿದ್ರು, 1763ರ ತನಕ ಇದು ನಡೀತು, 10 ಸಾವಿರಕ್ಕೂ ಹೆಚ್ಚು ಜನ ಊರು ಕಳ್ಕೊಂಡ್ರು, ರೋಗಕ್ಕೆ, ಹಡಗು ಮುಳುಗಿ ಸತ್ತೋರು ಸಾವಿರಾರು. ಅಲ್ಲಿ ಇಲ್ಲಿ ಅಲೆದು ಕೊನೆಗೆ ಲೂಸಿಯಾನಾ ಸೇರ್ಕೊಂಡೋರೇ ಇವತ್ತಿನ ಕೇಜನ್ ಜನ. ಆ ವರ್ಷ ಬೋಸೆಜೂರ್ ಕೋಟೆ ಹಿಡಿದ ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಮಾಂಕ್ಟನ್, ನಾವಿರೋ ಊರಿಗೆ ಅವನದೇ ಹೆಸರು. ಇಲ್ಲಿಯ ಅಕೇಡಿಯನ್ನರು ದಿನಾ ತಮ್ಮ ವಿಳಾಸದಲ್ಲಿ ಆ ಹೆಸರು ಬರೀತಾರೆ, ಯೋಚನೆ ಮಾಡಿ.

1764ರಲ್ಲಿ ವಾಪಸ್ ಬರೋಕೆ ಬಿಟ್ರು, ಆದ್ರೆ ಹಳೇ ಹೊಲ ಅಷ್ಟೊತ್ತಿಗೆ ಬೇರೆಯೋರ ಪಾಲಾಗಿತ್ತು. ಹಾಗಾಗಿ ಪೂರ್ವ, ಉತ್ತರದ ಕರಾವಳಿಗೆ ಹೋಗಿ ಮೀನು ಹಿಡಿಯೋದು ಕಲಿತ್ರು. ಅಮೆರಿಕದಿಂದ ಓಡಿಬಂದ ಬ್ರಿಟಿಷ್ ನಿಷ್ಠರು ಸೇಂಟ್ ಜಾನ್ ನದಿ ಕಣಿವೆ ತುಂಬ್ಕೊಂಡ್ರು, ಅವರಿಗೋಸ್ಕರ 1784ರಲ್ಲಿ ಈ ಪ್ರಾಂತ್ಯ ಬೇರೆ ಆಯ್ತು. ಈಗಿನ ಮ್ಯಾಪ್ ಹಾಗೇ ಇದೆ: ಕಾರಾಕೆಟ್, ಶಿಪಗನ್, ಎಡ್ಮಂಡ್ಸ್‌ಟನ್ ಫ್ರೆಂಚ್, ಫ್ರೆಡರಿಕ್ಟನ್, ಸೇಂಟ್ ಜಾನ್ ಹೆಚ್ಚಾಗಿ ಇಂಗ್ಲಿಷ್, ಮಾಂಕ್ಟನ್ ಮಿಶ್ರ, ಪಕ್ಕದ ದಿಯೆಪ್ ಬಹುಪಾಲು ಫ್ರೆಂಚ್.

ಆಡಳಿತದ ವಿಷಯಕ್ಕೆ ಬಂದ್ರೆ ನೆನಪಿಡಬೇಕಾದ ಹೆಸರು ಲೂಯಿ ರೊಬಿಶೋ. 1960ರಲ್ಲಿ ಚುನಾವಣೆ ಗೆದ್ದು ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಥರ) ಆದ ಮೊದಲ ಅಕೇಡಿಯನ್. ಅಲ್ಲಿ ತನಕ ಸ್ಕೂಲು, ಆಸ್ಪತ್ರೆ, ಬಡವರ ನೆರವು ಎಲ್ಲಾ ಕೌಂಟಿಗಳ (ನಮ್ಮ ಜಿಲ್ಲೆ ಥರ) ಕೈಲಿತ್ತು, ಕೌಂಟಿಯ ಆಸ್ತಿ ತೆರಿಗೆಯಲ್ಲೇ ನಡೀಬೇಕು, ಅಂದ್ರೆ ಬಡ ಫ್ರೆಂಚ್ ಕೌಂಟಿಯ ಮಗುಗೆ ಬಡ ಸ್ಕೂಲು. ರೊಬಿಶೋ 1967ರಲ್ಲಿ ಕೌಂಟಿ ಕೌನ್ಸಿಲ್‌ಗಳನ್ನೇ ತೆಗೆದುಹಾಕಿ ಈ ಕೆಲಸ ಎಲ್ಲಾ ಪ್ರಾಂತ್ಯ ಸರ್ಕಾರಕ್ಕೆ ತಂದ್ರು, ಬೈಗುಳ ಬೇಕಾದಷ್ಟು ಬಿತ್ತು. ಮಾಂಕ್ಟನ್ ಯೂನಿವರ್ಸಿಟಿ 1963ರದ್ದು, ಅಧಿಕೃತ ಭಾಷೆಗಳ ಕಾಯ್ದೆ 1969ರದ್ದು, ಎರಡೂ ಅವರ ಕಾಲದ್ದೇ. ಆಮೇಲೆ 1981ರಲ್ಲಿ ಎರಡು ಭಾಷಾ ಸಮುದಾಯ ಸಮಾನ ಅಂತ ಕಾಯ್ದೆ, 1993ರಲ್ಲಿ ಅದೇ ಮಾತು ಕೆನಡಾದ ಸಂವಿಧಾನದೊಳಗೇ ಸೇರ್ತು. ಇವತ್ತಿಗೂ ಪೂರ್ತಿ ದ್ವಿಭಾಷಾ ಅಂತ ಸಂವಿಧಾನದಲ್ಲಿ ಬರೆದಿರೋ ಪ್ರಾಂತ್ಯ ಇದೊಂದೇ. ಅಂದ್ರೆ ಫ್ರೆಂಚರಿಗೆ ತಮ್ಮದೇ ಸಂಸ್ಥೆ ಇರೋದು ಹಕ್ಕು, ಯಾವ ಸರ್ಕಾರ ಬಂದ್ರೂ ಉಳಿತಾಯದ ನೆಪ ಹೇಳಿ ಸುಲಭಕ್ಕೆ ಮುಚ್ಚೋಕಾಗಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋದು. ಆಸ್ಪತ್ರೆ: ಹೊರೈಜನ್ ಇಂಗ್ಲಿಷ್‌ನಲ್ಲಿ ನಡೆಯೋ ಸಂಸ್ಥೆ, ವಿಟಾಲಿಟೆ ಫ್ರೆಂಚ್‌ನಲ್ಲಿ ನಡೆಯೋದು, ಆದ್ರೆ ಇದು ಒಳಗಿನ ಆಡಳಿತದ ಭಾಷೆ ಅಷ್ಟೆ, ರೋಗಿಗೆ ಎರಡೂ ಕಡೆ ಎರಡೂ ಭಾಷೆಲಿ ಸೇವೆ ಕೊಡಲೇಬೇಕು. ಮಾಂಕ್ಟನ್‌ನಲ್ಲಿ ಎರಡಕ್ಕೂ ಒಂದೊಂದು ದೊಡ್ಡ ಆಸ್ಪತ್ರೆ ಇದೆ, ಫ್ರೆಂಚ್ ಬೋರ್ಡ್ ನೋಡಿ ಡ್ಯೂಮಾನ್ ಆಸ್ಪತ್ರೆ ನಮಗಲ್ಲ ಅಂತ ವಾಪಸ್ ಬರಬೇಡಿ, ನಿಮ್ಮ ಮೆಡಿಕೇರ್ ಕಾರ್ಡ್ (ಪ್ರಾಂತ್ಯ ಸರ್ಕಾರದ ಆರೋಗ್ಯ ವಿಮೆ ಕಾರ್ಡ್) ಅಲ್ಲೂ ನಡೆಯತ್ತೆ. ಸರ್ಕಾರಿ ಕೌಂಟರ್‌ನಲ್ಲಿ ಹಲೋ ಬೋಂಜೂರ್ ಅಂದ್ರೆ ಯಾವ ಭಾಷೆ ಬೇಕೋ ಅದರಲ್ಲಿ ಉತ್ತರ ಕೊಡಿ ಅಂತ, ಕೋರ್ಟಲ್ಲೂ ಪೊಲೀಸ್ ಹತ್ರಾನೂ ಇದೇ ಹಕ್ಕು.

ಸ್ಕೂಲ್ ವಿಷಯ ಮಾತ್ರ ಕೂತು ಯೋಚಿಸಿ. ಇಲ್ಲಿ ಏಳು ಸ್ಕೂಲ್ ಡಿಸ್ಟ್ರಿಕ್ಟ್, ನಾಲ್ಕು ಇಂಗ್ಲಿಷು, ಮೂರು ಫ್ರೆಂಚು. ಮಗುಗೆ ಎರಡರಲ್ಲಿ ಒಂದೇ ಭಾಷೆ ಚೆನ್ನಾಗಿ ಬಂದ್ರೆ ಆ ಭಾಷೆಯ ಸ್ಕೂಲು, ಎರಡೂ ಬಂದ್ರೆ ಅಥವಾ ಎರಡೂ ಬರದಿದ್ರೆ ತಂದೆತಾಯಿ ಆಯ್ಕೆ. ಮನೆಲಿ ಬರೀ ಕನ್ನಡ ಮಾತಾಡೋ ಚಿಕ್ಕ ಮಗುಗೆ ಫ್ರೆಂಚ್ ಸ್ಕೂಲ್ ಬಾಗಿಲೂ ತೆಗೆದಿರತ್ತೆ, ನಮ್ಮೋರು ಕೇಳೋದೇ ಇಲ್ಲ. ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ ಓದಿ ಬಂದ ದೊಡ್ಡ ಮಕ್ಕಳಿಗೆ ಇಂಗ್ಲಿಷ್ ಸ್ಕೂಲ್‌ನೊಳಗಿನ ಫ್ರೆಂಚ್ ಇಮ್ಮರ್ಶನ್ (ಹಲವು ಪಾಠ ಫ್ರೆಂಚ್‌ನಲ್ಲೇ ಕಲಿಸೋ ತರಗತಿ) ಇದೆ, ಅದು ಇಂಗ್ಲಿಷ್ ಡಿಸ್ಟ್ರಿಕ್ಟ್‌ನದ್ದು, ಫ್ರೆಂಚ್ ಸ್ಕೂಲ್ ಅಲ್ಲ, ಎರಡನ್ನೂ ಒಂದೇ ಅಂದ್ಕೊಂಡು ಫಾರಂ ತುಂಬಬೇಡಿ. ನನ್ನ ಅಭಿಪ್ರಾಯ ಕೇಳಿದ್ರೆ ಚಿಕ್ಕ ಮಗು ಇದ್ರೆ ಫ್ರೆಂಚ್ ಸ್ಕೂಲೇ ಒಳ್ಳೇದು, ಇಂಗ್ಲಿಷ್ ಬೀದಿಲಿ, ಟೀವಿಲಿ ಹೆಂಗೂ ಬರತ್ತೆ.

ನೀವೂ ಸ್ವಲ್ಪ ಕಲೀರಿ. ಪಿಆರ್ ಇನ್ನೂ ಆಗಿಲ್ದೆ ಇರೋರಿಗೆ ಟಿಇಎಫ್ ಅಥವಾ ಟಿಸಿಎಫ್ ಅನ್ನೋ ಫ್ರೆಂಚ್ ಪರೀಕ್ಷೆಲಿ ನಾಲ್ಕೂ ವಿಭಾಗಕ್ಕೆ ಲೆವೆಲ್ 7 ಬಂದ್ರೆ ಎಕ್ಸ್‌ಪ್ರೆಸ್ ಎಂಟ್ರಿಲಿ (ಪಾಯಿಂಟ್ ಲೆಕ್ಕದಲ್ಲಿ ಪಿಆರ್‌ಗೆ ಆರಿಸೋ ವ್ಯವಸ್ಥೆ) ಹೆಚ್ಚಿನ ಪಾಯಿಂಟ್ ಸಿಗತ್ತೆ, 2023ರಿಂದ ಫ್ರೆಂಚ್ ಬರೋರಿಗೇ ಬೇರೆ ಡ್ರಾ (ಆಯ್ಕೆಯ ಸುತ್ತು) ಕೂಡ ನಡೀತಿದೆ. ಪರೀಕ್ಷೆಯ ಫ್ರೆಂಚ್ ಕಲಿತು ಬಂದು ಇಲ್ಲಿ ಬೀದಿಲಿ ಶಿಯಾಕ್ ಕೇಳಿದ್ರೆ ಗಾಬರಿ ಆಗಬೇಡಿ, ಇಂಗ್ಲಿಷ್ ಬೆರೆತ ಈ ಕಡೆಯ ಮಾತು ಅದು, ಜನ ತಾಳ್ಮೆಯಿಂದ ತಿರುಗಿ ಹೇಳ್ತಾರೆ.

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ, ಇವರಿಗೆ 1881ರಲ್ಲಿ ಮೆಮ್ರಮ್‌ಕುಕ್ ಸಮಾವೇಶದಲ್ಲಿ ಆರಿಸ್ಕೊಂಡ ರಾಷ್ಟ್ರೀಯ ದಿನ. ಬೆಳಗ್ಗೆ ನಮ್ಮ ಧ್ವಜವಂದನೆ ಮುಗಿಸಿ ಕಾರಾಕೆಟ್‌ಗೆ ಹೊರಡಿ, ಸಂಜೆ 5 ಗಂಟೆ 55 ನಿಮಿಷಕ್ಕೆ, ಅಂದ್ರೆ ಇವರ ಲೆಕ್ಕದಲ್ಲಿ 17:55ಕ್ಕೆ, ಗಡೀಪಾರಿನ 1755ರ ನೆನಪಿಗೆ, ಸಾವಿರಾರು ಜನ ಪಾತ್ರೆ, ತಟ್ಟೆ, ಗಂಟೆ ಬಡಿತಾ ಬೀದಿಗಿಳೀತಾರೆ, ನಾವಿನ್ನೂ ಇಲ್ಲೇ ಇದೀವಿ ಅಂತ. ಮಕ್ಕಳನ್ನೂ ಕರ್ಕೊಂಡು ಹೋಗಿ, ಬಡಿಯೋಕೆ ಒಂದೊಂದು ಸ್ಟೀಲ್ ತಟ್ಟೆ, ಸೌಟು ಜೊತೆಗಿರಲಿ. ಸಸ್ಯಾಹಾರಿಗಳು ಅಲ್ಲಿ ಪುಟೀನ್ ರಾಪೇ ತಿನ್ನೋಕೆ ಮುಂಚೆ ಕೇಳಿ, ಹೊರಗಿಂದ ಬರೀ ಆಲೂಗಡ್ಡೆ ಉಂಡೆ ಥರ ಕಾಣತ್ತೆ, ಒಳಗೆ ಹಂದಿ ಮಾಂಸ ಇರತ್ತೆ.