ಡಚ್ಚರ ನಡುವೆ ಬಂದಾಗ ಏನನ್ನಬೇಕು, ಹೊರಡುವಾಗ ಏನನ್ನಬೇಕು

ನಮ್ಮಲ್ಲಿ ಕಣ್ಣಲ್ಲೇ ನಕ್ಕು ತಲೆಯಾಡಿಸಿದರೂ ಮಾತಾಡಿಸಿದ ಲೆಕ್ಕವೇ. ನೆದರ್ಲ್ಯಾಂಡ್ಸ್‌ನಲ್ಲಿ ಹಾಗಲ್ಲ, ಬಾಯಿ ಬಿಟ್ಟು ಹೇಳಬೇಕು. ಬಸ್ಸು ಹತ್ತುವಾಗ ಚಾಲಕನಿಗೆ, ಅಂಗಡಿಯಲ್ಲಿ ಬಿಲ್ಲು ಹಾಕುವವರಿಗೆ, ಲಿಫ್ಟಿನೊಳಗೆ ಇರುವವರಿಗೆ, ವೈದ್ಯರ ಕೋಣೆಯ ಹೊರಗೆ ಕಾದು ಕುಳಿತ ಅಪರಿಚಿತರಿಗೆ ಕೂಡ ಒಂದು ಮಾತು ಸಲ್ಲಬೇಕು. ಆಮ್ಸ್ಟೆಲ್ವೇನ್, ಐಂಡ್‌ಹೋವನ್ ಕಡೆಗೆ ಕೆಲಸಕ್ಕೆಂದು ಹೋದ ಕನ್ನಡಿಗರು ಹೆಚ್ಚಾಗಿ ಎಡವುವುದು ವ್ಯಾಕರಣದಲ್ಲಲ್ಲ, ಈ ಮೌನದಲ್ಲಿ. ಸಂಕೋಚದಿಂದ ಸುಮ್ಮನಿದ್ದರೆ ಅವರ ಕಣ್ಣಿಗೆ ಅದು ಬಿಗುಮಾನವಾಗಿ ಕಾಣುತ್ತದೆ.

ಮೊದಲು ಉಚ್ಚಾರಣೆ. ಡಚ್ಚಿನ 'ಜಿ' ಅಕ್ಷರದ ಧ್ವನಿ ಗಂಟಲಿನಿಂದ ಉಜ್ಜಿಕೊಂಡು ಬರುತ್ತದೆ, ಉರ್ದು ಬಲ್ಲವರು 'ಖಬರ್' ಎನ್ನುವಾಗ ಕೇಳಿಸುವ ಧ್ವನಿಗೆ ಹತ್ತಿರ. ಇಲ್ಲಿ ಅದನ್ನು 'ಖ' ಎಂದು ಬರೆದಿದೆ. ನಾಲಿಗೆಯನ್ನು ಮೇಲೆ ಒತ್ತಿ ಉಸಿರನ್ನು ತಡೆಯಬೇಡಿ, ಉಸಿರು ಹರಿಯುತ್ತಲೇ ಇರಲಿ. ದೇಶದ ದಕ್ಷಿಣ ಭಾಗದಲ್ಲಿ ಈ ಧ್ವನಿ ಮೆತ್ತಗಿರುತ್ತದೆ, ಹಾಗೆ ಮೆತ್ತಗೆ ನುಡಿದರೂ ತಪ್ಪಿಲ್ಲ. ತ, ದ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವೇ ಇದೆ: ಇಂಗ್ಲಿಷ್ ರೂಢಿಯ ಟ, ಡ ಬಿಟ್ಟು ನಮ್ಮ ದಂತ್ಯ ತ, ದ ನುಡಿದರೆ ಸಾಕು. ಪದದ ಕೊನೆಯ 'ದ್' 'ತ್' ಆಗುತ್ತದೆ, 'ಇ-ಎನ್' ಅಕ್ಷರಗಳಿಂದ ಮುಗಿಯುವ ಪದಗಳಲ್ಲಿ ಕೊನೆಯ 'ನ್' ಬಹುಪಾಲು ಕಡೆ ನುಂಗಿಹೋಗುತ್ತದೆ.

ಹೊತ್ತು ನೋಡಿ ಹೇಳುವ ಮಾತುಗಳು ಮೂರು. ಮಧ್ಯಾಹ್ನ 12ರವರೆಗೆ 'ಖುದೆಮೊರ್ಖೆ', 12ರಿಂದ ಸಂಜೆ 6ರವರೆಗೆ 'ಖುದೆಮಿದಖ್', ಆಮೇಲೆ 'ಖುದೆನಾವೊಂತ್'. ಆಡುಮಾತಿನಲ್ಲಿ ನಡುವಿನ 'ದೆ' ಕರಗಿ 'ಖುಯೆಮೊರ್ಖೆ', 'ಖುಯೆಮಿದಖ್' ಎಂದಾಗುತ್ತದೆ. ಗುರುತಿರಲಿ ಇಲ್ಲದಿರಲಿ, ಹಿರಿಯರಿರಲಿ ಕಿರಿಯರಿರಲಿ, ಈ ಮೂರು ಎಲ್ಲರಿಗೂ ಸಲ್ಲುತ್ತವೆ. ಯಾವುದು ಹೇಳಲಿ ಎಂಬ ಗೊಂದಲವಾದರೆ ಇವನ್ನೇ ಹಿಡಿಯಿರಿ. ರಾತ್ರಿ 10ಕ್ಕೆ ಒಬ್ಬರ ಮನೆಗೆ ಕಾಲಿಟ್ಟರೂ 'ಖುದೆನಾವೊಂತ್' ಎಂದೇ ಅನ್ನಬೇಕು. 'ಖುದೆನಖ್ತ್' ರಾತ್ರಿ ಬೀಳ್ಕೊಳ್ಳುವಾಗಿನ ಮಾತು. ಮಲಗಲು ಹೋಗುವವರಿಗಾದರೆ 'ವೆಲ್ತೆರುಸ್ತೆ' ಎನ್ನುತ್ತಾರೆ.

ಹೊತ್ತಿನ ಹಂಗಿಲ್ಲದ ಮಾತುಗಳಲ್ಲಿ 'ಹಲೋ' ಎಲ್ಲೆಡೆ ನಡೆಯುತ್ತದೆ. 'ಹೊಯ್' ಸಲುಗೆಯದು: ಸಹೋದ್ಯೋಗಿಗಳು, ನೆರೆಯವರು, ಮಕ್ಕಳ ಶಾಲೆಯ ಬಾಗಿಲಲ್ಲಿ ಸಿಗುವ ತಂದೆತಾಯಿಯರು. ಕಚೇರಿಯಲ್ಲಿ ಮೇಲಧಿಕಾರಿಗೂ ಹೊಯ್ ಎಂದು ಹೆಸರು ಹಿಡಿದು ಕರೆಯುವುದು ಸಾಮಾನ್ಯ. ಮಾತಿಗೊಮ್ಮೆ 'ಸರ್' ಅಂದರೆ ಅವರಿಗೇ ಮುಜುಗರ. 'ದಖ್' ಸ್ವಲ್ಪ ಮರ್ಯಾದೆಯ ಮಾತು. ಇದು ಬಂದಾಗಲೂ ಸಲ್ಲುತ್ತದೆ, ಹೊರಡುವಾಗಲೂ ಸಲ್ಲುತ್ತದೆ. ಬಂದಾಗ ಗಿಡ್ಡವಾಗಿ, ಹೊರಡುವಾಗ 'ದಾಆಖ್' ಎಂದು ಎಳೆದು ಹೇಳುತ್ತಾರೆ. ಅಪರಿಚಿತ ಹಿರಿಯರಲ್ಲಿ ಗಂಡಸರಿಗೆ 'ದಖ್ ಮೆನೇರ್', ಹೆಂಗಸರಿಗೆ 'ದಖ್ ಮೆಫ್ರೌ' ಎಂದರೆ ಸೊಗಸು.

ನೀನು–ನೀವು ಭೇದ ಡಚ್ಚಿನಲ್ಲೂ ಇದೆ. 'ಯೆ' ಅಥವಾ 'ಯೆಯ್' ನೀನು. 'ಊ' ನೀವು (ತುಟಿ 'ಊ' ಎನ್ನುವಂತೆ ದುಂಡಗಿರಲಿ, ಒಳಗೆ ನಾಲಿಗೆ 'ಈ' ಹೇಳಲಿ). ಅಪರಿಚಿತ ಹಿರಿಯರಿಗೂ ಅಧಿಕಾರಿಗಳಿಗೂ 'ಊ'ನಿಂದ ಶುರುಮಾಡಿ. ಅವರು 'ಸೆಖ್ ಮಾರ್ ಯೆ' ಅಂದರೆ ನೀನು ಅನ್ನಲು ಒಪ್ಪಿಗೆ ಸಿಕ್ಕಿತು. ಆಮೇಲೂ 'ಊ' ಎಂದೇ ಮುಂದುವರಿಸಿದರೆ ಅವರನ್ನು ದೂರವಿಟ್ಟಂತೆ ಕೇಳಿಸುತ್ತದೆ.

'ಹು ಖಾತೆತ್?' (ಹೇಗಿದ್ದೀಯ?) ಎಂಬುದನ್ನು ಪರಿಚಿತರಿಗೆ ಮಾತ್ರ ಕೇಳಿ. ಅಂಗಡಿಯವರಿಗೆ ಕೇಳಿದರೆ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಅಲ್ಲಿ ಅದು ನಿಜವಾಗಿಯೂ ಪ್ರಶ್ನೆ. ನಿಮ್ಮನ್ನು ಕೇಳಿದರೆ 'ಖುತ್, ಎನ್ ಮೆತ್ ಯೌ?' (ಚೆನ್ನಾಗಿದ್ದೇನೆ, ನೀನು?) ಸಾಕು; ಗೌರವದ ರೂಪ 'ಎನ್ ಮೆತ್ ಊ?'. ಊಟ ಆಯ್ತಾ ಎಂದು ಕೇಳುವ ನಮ್ಮ ರೂಢಿಯನ್ನು ಇಲ್ಲಿ ಬಳಸಬೇಡಿ: ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಂಡು ಡೈರಿ ತೆರೆದಾರು.

ಕೈಕುಲುಕುವುದು, ಕೆನ್ನೆಗೆ ಮುತ್ತು

ಮೊದಲ ಭೇಟಿಯಲ್ಲಿ ಕೈಕುಲುಕಿ ನಿಮ್ಮ ಹೆಸರು ಹೇಳಬೇಕು. ಯಾರಾದರೂ ಪರಿಚಯ ಮಾಡಿಸಲಿ ಎಂದು ಕಾಯುತ್ತ ನಿಲ್ಲಬೇಡಿ. ಕುಳಿತಿದ್ದರೆ ಎದ್ದು, ಬಲಗೈ ಚಾಚಿ, ಕಣ್ಣಿಗೆ ಕಣ್ಣು ಕೊಟ್ಟು, ಒಂದೆರಡು ಸಲ ಗಟ್ಟಿಯಾಗಿ ಕುಲುಕಿ ಬಿಟ್ಟುಬಿಡಿ. ಜೊತೆಗೆ ಹೆಸರು, ಬೇಕಿದ್ದರೆ 'ಆನ್‌ಖೆನಾಮ್' (ಭೇಟಿಯಾಗಿ ಸಂತೋಷ). ಗೌರವ ತೋರಲೆಂದು ಎರಡು ಕೈಯಲ್ಲಿ ಹಿಡಿಯುವುದು, ಕಣ್ಣು ತಗ್ಗಿಸುವುದು, ಮೆತ್ತಗೆ ಬೆರಳ ತುದಿ ಕೊಡುವುದು ಇವೆಲ್ಲ ಅಲ್ಲಿ ಅಪನಂಬಿಕೆಗೇ ದಾರಿ. ಹೆಸರನ್ನು ಅವಸರದಲ್ಲಿ ನುಂಗಬೇಡಿ. ವೆಂಕಟೇಶಮೂರ್ತಿ ಎಂದಿದ್ದರೆ ಜನ ಯಾವ ಹೆಸರಿನಿಂದ ಕರೆಯಬೇಕೋ ಅದನ್ನು ಮಾತ್ರ, ಬಿಡಿಸಿ, ನಿಧಾನವಾಗಿ ಹೇಳಿ. ಇನಿಶಿಯಲ್ಲುಗಳು ಅಲ್ಲಿ ಬೇಡ. ಗುಂಪಿದ್ದರೆ ಒಬ್ಬೊಬ್ಬರಿಗೂ ಕೈ ಕೊಡಬೇಕು. ಮಕ್ಕಳಿದ್ದರೆ ಅವರಿಗೂ.

ಈ ಅಭ್ಯಾಸ ಎಷ್ಟು ಆಳದ್ದೆಂಬುದಕ್ಕೆ 2020ರ ಮಾರ್ಚ್ 9ರ ಪತ್ರಿಕಾಗೋಷ್ಠಿ ಸಾಕ್ಷಿ. ಕೊರೋನಾ ಕಾರಣಕ್ಕೆ ಇನ್ನು ಯಾರೂ ಕೈಕುಲುಕಬೇಡಿ ಎಂದು ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಪ್ರಕಟಿಸಿದರು. ಮಾತು ಮುಗಿಯುತ್ತಲೇ ಪಕ್ಕದಲ್ಲಿದ್ದ ಆರೋಗ್ಯ ಸಂಸ್ಥೆಯ ಯಾಪ್ ವಾನ್ ದಿಸ್ಸೆಲ್ ಅವರ ಕೈ ಕುಲುಕಿದರು, ಕೂಡಲೇ ನಗುತ್ತ ಕ್ಷಮೆ ಕೇಳಿದರು.

ಹತ್ತಿರದ ಬಂಧುಗಳು, ಸ್ನೇಹಿತರು ಕೆನ್ನೆಗೆ ಮೂರು ಮುತ್ತು ಕೊಡುವುದುಂಟು: ಬಲ, ಎಡ, ಮತ್ತೆ ಬಲ. ನಿಮ್ಮ ಬಲಗೆನ್ನೆ ಅವರ ಬಲಗೆನ್ನೆಗೆ ತಾಗುವಂತೆ ಶುರುಮಾಡಿ. ಕೆನ್ನೆ ಮಾತ್ರ ತಾಗುತ್ತದೆ, ಮುತ್ತು ಗಾಳಿಗೆ. ಹೆಂಗಸರು ತಮ್ಮೊಳಗೆ, ಗಂಡಸು–ಹೆಂಗಸರ ನಡುವೆ ಇದು ಸಾಮಾನ್ಯ. ಗಂಡಸರಿಬ್ಬರು ಹೆಚ್ಚಾಗಿ ಕೈಕುಲುಕುತ್ತಾರೆ. ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ವಾಲಿದರೆ ಮೂಗಿಗೆ ಮೂಗು ಬಡಿಯುತ್ತದೆ. ಅದಕ್ಕೇ ಮೊದಲ ಚಲನೆ ನಿಧಾನವಾಗಿರಲಿ. ಕೊರೋನಾ ನಂತರ ಈ ರೂಢಿ ಕಡಿಮೆಯಾಗಿದೆ, ಇಷ್ಟವಿಲ್ಲದವರು ಹೇಳಿಕೊಳ್ಳಲು ಹಿಂಜರಿಯಬೇಕಿಲ್ಲ. ಎರಡು ಹೆಜ್ಜೆ ದೂರವಿರುವಾಗಲೇ ತೋಳು ನೇರವಾಗಿ ಚಾಚಿ ಕೈ ಮುಂದಿಟ್ಟರೆ ಎದುರಿನವರಿಗೆ ಅರ್ಥವಾಗುತ್ತದೆ.

ಹುಟ್ಟುಹಬ್ಬದ ವೃತ್ತ

ಹೊಸಬರನ್ನು ಅತಿ ಹೆಚ್ಚು ಗಲಿಬಿಲಿಗೊಳಿಸುವ ಸಂದರ್ಭ ಇದು. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಇಟ್ಟಿರುತ್ತಾರೆ, ಎಲ್ಲರೂ ಕಾಫಿ, ಕೇಕು ಹಿಡಿದು ಕುಳಿತಿರುತ್ತಾರೆ. ಮೊದಲು ಹುಟ್ಟುಹಬ್ಬದವರಿಗೆ 'ಖೆಫೆಲಿಸಿತೇರ್ತ್' (ಅಭಿನಂದನೆಗಳು). ಅಲ್ಲಿಗೇ ನಿಲ್ಲಿಸಿ ಕುಳಿತುಬಿಟ್ಟರೆ ತಪ್ಪು. ಮನೆಯವರಿಗೂ ಅಭಿನಂದನೆ ಸಲ್ಲಬೇಕು: ತಾಯಿಗೆ 'ಖೆಫೆಲಿಸಿತೇರ್ತ್ ಮೆತ್ ಯೆ ದೊಖ್ತೆರ್' ಅಂದರೆ ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ. ಮಗನಾದರೆ 'ಸೋನ್', ಗಂಡನಾದರೆ 'ಮನ್', ಹೆಂಡತಿಯಾದರೆ 'ಫ್ರೌ'. ಹೀಗೆ ವೃತ್ತದ ಒಂದು ತುದಿಯಿಂದ ಶುರುಮಾಡಿ ಒಬ್ಬರನ್ನೂ ಬಿಡದೆ ಕೈಕುಲುಕುತ್ತ ಸುತ್ತು ಮುಗಿಸಿ, ಗುರುತಿಲ್ಲದವರಿಗೆ ನಿಮ್ಮ ಹೆಸರು ಹೇಳಿ, ಆಮೇಲೆ ಕುಳಿತುಕೊಳ್ಳಿ.

ಒಂದು ಎಚ್ಚರಿಕೆ. ಸಾವಿನ ಮನೆಯಲ್ಲಿ ಕೈಹಿಡಿದು ಹೇಳುವ ಮಾತು 'ಖೆಕೊಂದೊಲೇರ್ತ್'. ಶುರು, ಕೊನೆ ಎರಡೂ ಅಭಿನಂದನೆಯ ಮಾತಿನಂತೆಯೇ ಇರುವುದರಿಂದ ದುಃಖದ ಗಳಿಗೆಯಲ್ಲಿ ನಾಲಿಗೆ ತಪ್ಪುವ ಅಪಾಯವಿದೆ. ಹೋಗುವ ಮೊದಲು ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಳ್ಳಿ. ಧೈರ್ಯವಿಲ್ಲವೆನಿಸಿದರೆ 'ಸ್ತೆರ್ಕ್ತೆ' (ತಡೆದುಕೊಳ್ಳುವ ಶಕ್ತಿ ಬರಲಿ) ಸಾಕು, ಅದೂ ಅಷ್ಟೇ ತೂಕದ ಮಾತು. ಕಾಯಿಲೆಯವರಿಗೆ 'ಬೇತೆರ್‌ಸ್ಖಪ್' (ಬೇಗ ಗುಣವಾಗಲಿ).

ಫೋನು

ಫೋನೆತ್ತಿದವರು ಹೆಸರು ಹೇಳುವುದು ಅಲ್ಲಿನ ರೂಢಿ: 'ಮೆತ್ ಸವಿತಾ', ಅಂದರೆ ಮಾತಾಡುತ್ತಿರುವುದು ಸವಿತಾ. ನೀವೇ ಕರೆ ಮಾಡಿದ್ದರೂ ಮೊದಲ ವಾಕ್ಯದಲ್ಲೇ ಹೆಸರು ಬರಬೇಕು. ಬರೀ ಹಲೋ ಹಲೋ ಎಂದರೆ ಆ ಕಡೆಯವರು ಮೋಸದ ಕರೆಯೆಂದು ಇಟ್ಟುಬಿಟ್ಟರೂ ಆಶ್ಚರ್ಯವಿಲ್ಲ.

ಹೊರಡುವುದು

ಬೀಳ್ಕೊಡುಗೆಯಲ್ಲಿ 'ತೊತ್' (ವರೆಗೆ) ಎಂಬುದರ ಮುಂದೆ ಏನು ಬರುತ್ತದೆ ಎಂಬುದನ್ನು ಜನ ಅಕ್ಷರಶಃ ತೆಗೆದುಕೊಳ್ಳುತ್ತಾರೆ. 'ತೊತ್ ಸೋ' ಅಂದರೆ ಕೆಲವೇ ನಿಮಿಷದಲ್ಲಿ ಸಿಗುತ್ತೇನೆ. 'ತೊತ್ ಸ್ತ್ರಕ್ಸ್' ಅಂದರೆ ಇವತ್ತೇ, ಇನ್ನು ಸ್ವಲ್ಪ ಹೊತ್ತಿಗೆ. 'ತೊತ್ ಮೊರ್ಖೆ' ನಾಳೆ, 'ತೊತ್ ಮಾಂದಖ್' ಸೋಮವಾರ. ಮತ್ತೆ ಯಾವಾಗ ಎಂದು ಗೊತ್ತಿಲ್ಲದಿದ್ದರೆ 'ತೊತ್ ಸೀನ್ಸ್'. ಅಂಗಡಿಯಿಂದ ಹೊರಬರುವಾಗ 'ತೊತ್ ಸ್ತ್ರಕ್ಸ್' ಎಂದರೆ ಇನ್ನೇನು ಮರೆತಿರಿ ಎಂದು ಅವರು ಕಾಯುತ್ತಾರೆ. ಸಲುಗೆಯವರಿಗೆಲ್ಲ 'ದೂಯ್', ಎರಡೆರಡು ಸಲ 'ದೂಯ್ ದೂಯ್' ಎಂದರೆ ಇನ್ನೂ ಆತ್ಮೀಯ. ಅಂಗಡಿಯವರು 'ಫೆಯ್ನೆ ದಖ್' (ಒಳ್ಳೆಯ ದಿನವಾಗಲಿ), ಶುಕ್ರವಾರ 'ಫೆಯ್ನ್ ವೀಕೆಂತ್' ಎಂದರೆ 'ಯೆಯ್ ಓಕ್' ಅಥವಾ 'ಊ ಓಕ್' (ನಿಮಗೂ) ಎಂದು ಮರಳಿಸಿ. ಬರೀ ಧನ್ಯವಾದ ಹೇಳಿ ನಡೆದರೆ ಅರ್ಧ ಮಾತಾಡಿದಂತೆ.

ಮನೆಯಿಂದ ಹೊರಡಲು ಕ್ರಮವಿದೆ. ಕುಳಿತಲ್ಲೇ ತೊಡೆಯ ಮೇಲೆ ಎರಡೂ ಕೈ ತಟ್ಟಿ 'ಸೋ' ಎನ್ನುವುದು ಎಲ್ಲರಿಗೂ ಗೊತ್ತಿರುವ ಸೂಚನೆ. ಬೆನ್ನಿಗೇ 'ನೌ, ಇಕ್ ಖಾ ಮಾರ್ ಎಸ್' (ಸರಿ, ಹೊರಡ್ತೀನಿ) ಎಂದು ಏಳಬೇಕು. ಇದೇ ಸೂಚನೆಯನ್ನು ಮನೆಯವರೇ ಕೊಟ್ಟರೆ ಹೊರಡುವ ಹೊತ್ತಾಯಿತು ಎಂದು ತಿಳಿಯಿರಿ. ಇನ್ನೊಂದು ಲೋಟ ಕಾಫಿ ಕುಡಿಯಿರಿ ಎಂಬ ಒತ್ತಾಯ ನಮ್ಮಲ್ಲಿಯಂತೆ ಮೂರು ಸಲ ಬರುವುದಿಲ್ಲ. ಗುಂಪು ದೊಡ್ಡದಿದ್ದರೆ ಕೈಯೆತ್ತಿ 'ದಖ್ ಅಲ್ಲೆಮಾಲ್' (ಎಲ್ಲರಿಗೂ ಬೈ) ಸಾಕು, ಆದರೆ ಕರೆದವರಿಗೆ ಪ್ರತ್ಯೇಕವಾಗಿ ಧನ್ಯವಾದ ಹೇಳಲೇಬೇಕು. ಹೇಳದೆ ಜಾರಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಮನೆಯವರು 'ವೆಲ್ ತೌಸ್' (ಸುಖವಾಗಿ ಮನೆ ಸೇರಿ) ಎನ್ನುತ್ತಾರೆ, ಬಾಗಿಲಲ್ಲೋ ಕಿಟಕಿಯಲ್ಲೋ ನಿಂತು ಕೈಬೀಸುತ್ತಾರೆ. ತಿರುವು ಮುಟ್ಟುವ ಮೊದಲು ಹಿಂತಿರುಗಿ ನೀವೂ ಕೈಬೀಸಿ.

ಪತ್ರ, ಇಮೇಲ್

ಸರ್ಕಾರಿ ಕಚೇರಿಗೆ 'ಖೆಅಖ್ತೆ' (ಮಾನ್ಯ), ಉಳಿದಂತೆ 'ಬೆಸ್ತೆ' (ಪ್ರಿಯ), ಗೆಳೆಯರಿಗೆ 'ಹೊಯ್'. ಕೊನೆಯಲ್ಲಿ 'ಮೆತ್ ಫ್ರೀಂದೆಲೆಕೆ ಖ್ರುತ್' (ಸ್ನೇಹಪೂರ್ವಕ ವಂದನೆಯೊಂದಿಗೆ) ಎಲ್ಲಕ್ಕೂ ಒಪ್ಪುತ್ತದೆ. ಅದನ್ನು ಎಂ-ವಿ-ಜಿ ಎಂದು ಮೂರಕ್ಷರಕ್ಕೆ ಇಳಿಸಿದರೆ ಹಲವರಿಗೆ ಉದಾಸೀನವಾಗಿ ಕಾಣುತ್ತದೆ. 'ಖ್ರುತ್ಯೆಸ್' ಆಪ್ತರಿಗೆ ಮಾತ್ರ. ಗಂಡೋ ಹೆಣ್ಣೋ ತಿಳಿಯದಿದ್ದರೆ 'ಬೆಸ್ತೆ' ಹಾಕಿ ಪೂರ್ತಿ ಹೆಸರು ಬರೆಯಿರಿ. ರೈಲ್ವೆ ಸಂಸ್ಥೆ ಎನ್‌ಎಸ್ ಕೂಡ 2017ರಲ್ಲಿ 'ಮಹಿಳೆಯರೇ ಮತ್ತು ಮಹನೀಯರೇ' ಎಂಬರ್ಥದ ಘೋಷಣೆ ಬಿಟ್ಟು 'ಬೆಸ್ತೆ ರೆಯ್ಸಿಖೆರ್ಸ್' (ಪ್ರಿಯ ಪ್ರಯಾಣಿಕರೇ) ಎಂದು ಬದಲಿಸಿತು.

ಸೀಮೆ ಬದಲಾದರೆ

ಉತ್ತರದ ಖ್ರೋನಿಂಗನ್, ದ್ರೆಂಥೆ ಕಡೆ 'ಮೊಯ್' ಎಂಬ ಒಂದೇ ಮಾತು ಬಂದಾಗಲೂ ಹೊರಡುವಾಗಲೂ ಕೇಳಿಸುತ್ತದೆ. ಫ್ರೀಸ್‌ಲಾಂಡ್‌ನಲ್ಲಿ ಭಾಷೆಯೇ ಬೇರೆ, ಅಲ್ಲಿ 'ಗುಯೆ' ಎನ್ನುತ್ತಾರೆ. ಐಂಡ್‌ಹೋವನ್ ಇರುವ ಬ್ರಾಬಂಟ್ ಸೀಮೆಯಲ್ಲಿ ಹೊರಡುವವರ ಬಾಯಲ್ಲಿ ಅಚ್ಚ ಕನ್ನಡದ 'ಹೌದು' ಕೇಳಿಸಿದರೆ ಗಾಬರಿಯಾಗಬೇಡಿ: ಒತ್ತು 'ದು' ಮೇಲಿರುತ್ತದೆ, ಅರ್ಥ ಬೈ. ನೀವೂ ಹಾಗೇ ಹೇಳಿದರೆ ಅಲ್ಲಿಯವರ ಮುಖ ಅರಳುತ್ತದೆ. ಗಡಿ ದಾಟಿ ಬೆಲ್ಜಿಯಂನ ಡಚ್ ಸೀಮೆಗೆ ಹೋದರೆ ಕೆನ್ನೆಗೆ ಸಾಮಾನ್ಯವಾಗಿ ಒಂದೇ ಮುತ್ತು. ಎರಡನೆಯದಕ್ಕೆ ಮುಂದೆ ಬಾಗಬೇಡಿ.