ಎಎಫ್‌ಒ ಹಾಕುವಾಗ ಮೊದಲು ಹಿಮ್ಮಡಿ ನೋಡಿ
ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿಗೆ ಎಎಫ್‌ಒ, ಅಂದರೆ ಪಾದದಿಂದ ಮೀನಖಂಡದವರೆಗೆ ಆಸರೆ ಕೊಡುವ ಪ್ಲಾಸ್ಟಿಕ್ ಸ್ಪ್ಲಿಂಟ್, ಹಾಕುವಾಗ ಕಾಲು ಚಾಚಿಸಿ ಒತ್ತಬೇಡಿ. ಪಾದ ಇನ್ನಷ್ಟು ಸೆಟೆದುಕೊಳ್ಳುತ್ತದೆ. ಮಂಡಿ ಮಡಚಿ ಕೂರಿಸಿ. ಹಿಮ್ಮಡಿ ಹಿಂದಕ್ಕೆ, ತಳಕ್ಕೆ ಪೂರ್ತಿ ತಾಗಿದ ಮೇಲೆ ಮೊದಲು ಪಾದದ ಗಂಟಿನ ಪಟ್ಟಿ ಬಿಗಿಯಿರಿ, ಆಮೇಲೆ ಮೀನಖಂಡದ್ದು. ಹಿಮ್ಮಡಿ ಸ್ವಲ್ಪ ಎದ್ದಿದ್ದರೂ ನಡೆಯುವಾಗ ಉಜ್ಜಿ ಬೊಕ್ಕೆ ಏಳುತ್ತದೆ.

ಕಾಲುಚೀಲ ಸ್ಪ್ಲಿಂಟ್‌ಗಿಂತ ಉದ್ದವಿರಲಿ, ಸುಕ್ಕು ಬೇಡ. ಬೆರಳಿನ ಹತ್ತಿರ ಹೊಲಿಗೆ ಒತ್ತಿದರೆ ಉಲ್ಟಾ ಹಾಕಿ, ಚೆಂದ ಆಮೇಲೆ ನೋಡೋಣ.

ಬಿಚ್ಚಿದ ಮೇಲೆ ಕೆಂಪು ಗುರುತು 20–30 ನಿಮಿಷದಲ್ಲಿ ಮಾಯವಾಗಬೇಕು. ಆಗದಿದ್ದರೆ ಹತ್ತಿ ತುರುಕಬೇಡಿ, ಒತ್ತಡ ಹೆಚ್ಚುತ್ತದೆ. ಹಾಕುವುದು ನಿಲ್ಲಿಸಿ, ಗುರುತಿನ ಫೋಟೊ ತೆಗೆದು ಸ್ಪ್ಲಿಂಟ್ ಮಾಡಿಕೊಟ್ಟವರಿಗೆ ತೋರಿಸಿ. ಸಾಮಾನ್ಯವಾಗಿ ಸ್ಪ್ಲಿಂಟ್‌ನ ಆ ಜಾಗವನ್ನು ಬಿಸಿ ಮಾಡಿ ಉಬ್ಬಿಸಿಕೊಡುತ್ತಾರೆ. ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಸ್ಪ್ಲಿಂಟ್ ಬಿಡಬೇಡಿ, ಆಕಾರ ಕೆಡಬಹುದು.