ಕತ್ತರಿಸಿದ ತ್ರೀ ನಾಟ್ ತ್ರೀಗೆ ಮರ ಹುಡುಕಿದ ಬಗೆ

ನಮ್ಮ ಪೊಲೀಸ್ ಪೇದೆಗಳ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ರೈಫಲ್ಲುಗಳ ಕುಟುಂಬಕ್ಕೆ ಸೇರಿದ್ದು ಶಾರ್ಟ್ ಮ್ಯಾಗಜೀನ್ ಲೀ ಎನ್‌ಫೀಲ್ಡ್. ಇದರ ಮಾರ್ಕ್ 3 ಮಾದರಿಯನ್ನು ಬ್ರಿಟಿಷ್ ಸೈನ್ಯ 1907ರಲ್ಲಿ ಸ್ವೀಕರಿಸಿತು. ಇಂಗ್ಲೆಂಡಿನ ಎನ್‌ಫೀಲ್ಡ್ ಮತ್ತು ಬರ್ಮಿಂಗ್‌ಹ್ಯಾಮ್, ಬಂಗಾಳದ ಈಶಾಪುರ, ಆಸ್ಟ್ರೇಲಿಯಾದ ಲಿಥ್ಗೋ ಕಾರ್ಖಾನೆಗಳಲ್ಲಿ ಇವು ತಯಾರಾದವು. ನಾನು ನೆಲೆಸಿರುವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಬೇಟೆಗೆಂದು ಕತ್ತರಿಸಿ ವಿರೂಪಗೊಳಿಸಿದ ಇಂಥ ರೈಫಲ್ಲುಗಳನ್ನು ಮತ್ತೆ ಅವುಗಳ ಸೈನಿಕ ರೂಪಕ್ಕೆ ತರುವ ಕೆಲಸವನ್ನು ಹಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಮಾಡುತ್ತ ಬಂದಿದ್ದೇನೆ. ಅವುಗಳಲ್ಲಿ 1942ರ ಮುದ್ರೆಯುಳ್ಳ ಒಂದು ಲಿಥ್ಗೋ ರೈಫಲ್ಲಿಗೆ ಬೇಕಾದ ಬಿಡಿಭಾಗಗಳನ್ನು ಹೇಗೆ ಹುಡುಕಿದೆ, ಹೇಗೆ ಕೂರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ರಿಸೀವರ್ ಎನ್ನುವ ಒಡಲ ಭಾಗವೇ ಬಂದೂಕು. ಮರ, ಪಟ್ಟಿ, ತಿರುಪುಗಳು ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ರೈಫಲ್ಲುಗಳನ್ನು ಸಂಗ್ರಹಕಾರರ ಪರವಾನಗಿಯ ಮೇಲೆ ಪಡೆಯಬಹುದು, ಹಾಗೆ ಪಡೆದ ಪ್ರತಿಯೊಂದನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಭಾರತದಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಸೇರುತ್ತವೆ, .303, ಅಂದರೆ ತ್ರೀ ನಾಟ್ ತ್ರೀ, ಅಲ್ಲಿ ನಿಷಿದ್ಧ ಬೋರ್ (ನಳಿಗೆಯ ಒಳ ಅಳತೆ). ಆದ್ದರಿಂದ ಊರಿನಲ್ಲಿರುವ ಓದುಗರು ಇದನ್ನು ಇಲ್ಲಿನ ಅನುಭವವೆಂದೇ ಓದಿಕೊಳ್ಳಬೇಕು, ಅಲ್ಲಿ ಅನುಸರಿಸುವಂಥದ್ದೆಂದು ಭಾವಿಸಬಾರದು.

ಈ ಭಾಗಗಳು ಏಕೆ ಅಪರೂಪವಾದವು ಎಂಬುದಕ್ಕೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಕ್ಷಾಂತರ ರೈಫಲ್ಲುಗಳು ಸೈನ್ಯಗಳಿಗೆ ಬೇಡವಾದವು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಉಗ್ರಾಣಗಳನ್ನಿಟ್ಟುಕೊಂಡಿದ್ದ ಸ್ಯಾಮ್ಯುಯೆಲ್ ಕಮಿಂಗ್ಸ್ ಅವರ ಇಂಟರಾರ್ಮ್ಸ್‌ನಂಥ ಸಂಸ್ಥೆಗಳು ಅವನ್ನು ಹಡಗುಗಟ್ಟಲೆ ತಂದು ಅಗ್ಗದ ಬೆಲೆಗೆ ಮಾರಿದವು. ಆ ಕಾಲದಲ್ಲಿ ಅಂಚೆಯ ಮೂಲಕವೂ ರೈಫಲ್ ತರಿಸಿಕೊಳ್ಳಬಹುದಿತ್ತು. ಕೊಂಡ ರೈತರಿಗೆ ಬೇಕಾಗಿದ್ದದ್ದು ಜಿಂಕೆ ಬೇಟೆಗೆ ಒಂದು ಹಗುರವಾದ ಬಂದೂಕು. ಅವರು ಮುಂದಿನ ಮರವನ್ನು ಅರ್ಧಕ್ಕೆ ಗರಗಸದಿಂದ ಕೊಯ್ದರು, ನಳಿಗೆಯ ಮೇಲಿನ ಮರದ ಹೊದಿಕೆಗಳನ್ನು ತೆಗೆದೆಸೆದರು, ಬಯೋನೆಟ್ ಸಿಕ್ಕಿಸುವ ಮೂತಿಯ ಉಕ್ಕಿನ ಟೋಪಿಯನ್ನು ಗುಜರಿಗೆ ಹಾಕಿದರು. 1968ರ ಬಂದೂಕು ನಿಯಂತ್ರಣ ಕಾಯ್ದೆ ಸೈನಿಕ ಬಂದೂಕುಗಳ ಆಮದನ್ನು ನಿಲ್ಲಿಸಿತು. 1984ರ ತಿದ್ದುಪಡಿಯ ನಂತರವೇ ಹಳೆಯ ಸಂಗ್ರಹಯೋಗ್ಯ ರೈಫಲ್ಲುಗಳು ಮತ್ತೆ ಬರತೊಡಗಿದವು. ಹೀಗಾಗಿ ಇಂದು ಲೋಹದ ಒಡಲುಗಳು ಬೇಕಾದಷ್ಟು ಉಳಿದಿವೆ, ಅವುಗಳ ಮರ ಮಾತ್ರ ಒಲೆಗೆ ಹೋಗಿದೆ. ನೂರು ವರ್ಷ ಬಾಳಬೇಕಾದ ವಸ್ತುವನ್ನು ಹೀಗೆ ಒಂದು ಮಧ್ಯಾಹ್ನದಲ್ಲಿ ಕೊಯ್ದು ಹಾಕಿರುವುದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ, ಆದರೆ ಕೊಯ್ದವರ ಮೇಲೆ ಕೋಪವಿಲ್ಲ. ಅವರ ಪಾಲಿಗೆ ಅದು ಗುದ್ದಲಿ ಪಿಕಾಸಿಗಳಷ್ಟೇ ಸಾಮಾನ್ಯವಾದ ಉಪಕರಣವಾಗಿತ್ತು.

ಬಿಡಿಭಾಗ ಹುಡುಕಲು ಹೊರಡುವ ಮೊದಲು ಆ ರೈಫಲ್ ಪುನರುದ್ಧಾರಕ್ಕೆ ಯೋಗ್ಯವೇ ಎಂದು ನೋಡಬೇಕು. ನಾನು ಮೊದಲು ನಳಿಗೆಯನ್ನು ಅಳೆಯುತ್ತೇನೆ. ಅದರ ಮೂಲ ಉದ್ದ 25.2 ಇಂಚು. ಯಾರಾದರೂ ಅದನ್ನು ಒಂದೆರಡು ಇಂಚು ಕತ್ತರಿಸಿದ್ದರೆ ಮೂತಿಯ ಟೋಪಿ ತನ್ನ ಜಾಗದಲ್ಲಿ ಕೂರುವುದಿಲ್ಲ, ಆಗ ಬೇರೆ ನಳಿಗೆಯನ್ನೇ ಹಾಕಿಸಬೇಕಾಗುತ್ತದೆ. ಎರಡನೆಯದಾಗಿ, ದುರ್ಬೀನು ಕೂರಿಸಲು ಒಡಲಿಗೆ ತೂತು ಕೊರೆದಿದ್ದಾರೆಯೇ, ಗುಂಡಿನ ಕ್ಲಿಪ್ ಸಿಕ್ಕಿಸುವ ಸೇತುವೆಯನ್ನು ಉಜ್ಜಿ ತೆಗೆದಿದ್ದಾರೆಯೇ ಎಂದು ನೋಡುತ್ತೇನೆ. ಈ ಎರಡರಲ್ಲಿ ಒಂದಿದ್ದರೂ ನಾನು ಆ ರೈಫಲ್ಲನ್ನು ಬೇಟೆ ಬಂದೂಕಾಗಿಯೇ ಇರಲು ಬಿಡುತ್ತೇನೆ, ಏಕೆಂದರೆ ಮರ ಎಷ್ಟೇ ಸುಂದರವಾಗಿದ್ದರೂ ಕೊರೆದ ಉಕ್ಕು ಹಿಂದಿರುಗಿ ಬರುವುದಿಲ್ಲ. ನನ್ನ ಲಿಥ್ಗೋ ಈ ಪರೀಕ್ಷೆಯಲ್ಲಿ ಗೆದ್ದಿತು. ನಳಿಗೆ ಪೂರ್ತಿ ಉದ್ದವಿತ್ತು, ಒಡಲಿಗೆ ಗಾಯವಾಗಿರಲಿಲ್ಲ, ಗುಂಡಿನ ಕೋಣೆಯನ್ನು ಮುಚ್ಚುವ ಬೋಲ್ಟಿನ ಮೇಲಿನ ಸಂಖ್ಯೆಯೂ ಒಡಲಿನ ಸಂಖ್ಯೆಯೂ ಒಂದೇ ಆಗಿದ್ದವು. ಬೇಕಾಗಿದ್ದವು ಫೋರ್‌ಎಂಡ್ ಎಂದು ನಾವು ಕರೆಯುವ ಉದ್ದನೆಯ ಮುಂದಿನ ಮರ, ನಳಿಗೆಯ ಮೇಲಿನ ಹಿಂದಿನ ಮತ್ತು ಮುಂದಿನ ಎರಡು ಹೊದಿಕೆಗಳು, ಮೂತಿಯ ಟೋಪಿ, ಒಳಪಟ್ಟಿ, ಹೊರಪಟ್ಟಿ, ಗುರಿ ಹಿಡಿಯುವ ಹಿಂದಿನ ಸಾಧನದ ಇಕ್ಕೆಲದಲ್ಲಿ ನಿಲ್ಲುವ ರಕ್ಷಕ, ಮತ್ತು ಇವನ್ನೆಲ್ಲ ಹಿಡಿದಿಡುವ ತಿರುಪು ಸ್ಪ್ರಿಂಗುಗಳು.

ಇವೆಲ್ಲವನ್ನೂ ಒಟ್ಟಿಗೆ ಕಟ್ಟಿ ‘ಪೂರ್ತಿ ಸೆಟ್’ ಎಂದು ಮಾರುವವರಿದ್ದಾರೆ. ಅಂಥ ಸೆಟ್ ಎಲ್ಲಿಂದ ಬಂದಿತೆಂದು ಕೇಳದೆ ನಾನು ಹಣ ಕೊಡುವುದಿಲ್ಲ. ಕೆಲವು ಸೆಟ್‌ಗಳು ಸೈನ್ಯದ ಉಗ್ರಾಣದಲ್ಲಿ ಬಳಕೆಯಾಗದೆ ಉಳಿದ ದಾಸ್ತಾನು, ಕೆಲವು ಒಡಲು ಕೆಟ್ಟು ನಾಶಪಡಿಸಿದ ರೈಫಲ್ಲುಗಳಿಂದ ಬಿಚ್ಚಿದವು. ಇವೆರಡನ್ನೂ ಸಂತೋಷದಿಂದ ಕೊಳ್ಳುತ್ತೇನೆ. ಆದರೆ ಯಾವ ಊನವೂ ಇಲ್ಲದ ರೈಫಲ್ಲನ್ನು ಕೊಂಡು, ಬಿಚ್ಚಿ, ತುಂಡು ತುಂಡಾಗಿ ಮಾರಿದರೆ ಹೆಚ್ಚು ಲಾಭ ಬರುತ್ತದೆಂದು ಹಾಗೆ ಮಾಡುವವರೂ ಇದ್ದಾರೆ. ಅವರಿಂದ ಕೊಂಡು ಒಂದು ರೈಫಲ್ಲನ್ನು ಸರಿಪಡಿಸುವುದೆಂದರೆ ಇನ್ನೊಂದನ್ನು ಕೊಂದಂತೆ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ, ಕೆಲಸ ಎಷ್ಟು ವರ್ಷ ನಿಂತರೂ ಚಿಂತೆಯಿಲ್ಲ.

ಅಮೆರಿಕದಲ್ಲಿ ನನಗೆ ಸುಲಭವಾಗಿ ಸಿಗುತ್ತಿದ್ದದ್ದು ಈಶಾಪುರದ ಮರ. ಅದರ ಗುರುತು ಸರಳವಾದದ್ದು: ಮರ ಸೀಳದಂತೆ ಫೋರ್‌ಎಂಡಿಗೆ ಅಡ್ಡಲಾಗಿ ಹಾಯಿಸಿದ ಒಂದು ತಿರುಪು ಹೊರಗಿನಿಂದಲೇ ಕಾಣುತ್ತದೆ. ಭಾರತೀಯನಾಗಿ ನನಗೆ ಆ ಮರದ ಮೇಲೆ ವಿಶೇಷ ಪ್ರೀತಿಯಿದೆ, ಒಂದು ಈಶಾಪುರದ ರೈಫಲ್ಲಿಗೆ ಅದನ್ನು ಹೆಮ್ಮೆಯಿಂದ ಹಾಕಿಯೂ ಇದ್ದೇನೆ. ಆದರೂ ಲಿಥ್ಗೋ ರೈಫಲ್ಲಿಗೆ ಅದನ್ನು ತೊಡಿಸಲು ಮನಸ್ಸು ಒಪ್ಪಲಿಲ್ಲ. ಇನ್ನೊಂದು ಎಚ್ಚರವೂ ಬೇಕು. ‘ಲೀ ಎನ್‌ಫೀಲ್ಡ್ ಮರ’ ಎಂದಷ್ಟೇ ಬರೆದು ಮಾರುವ ಅನೇಕ ಫೋರ್‌ಎಂಡುಗಳು ಎರಡನೆಯ ಯುದ್ಧಕಾಲದ ನಂಬರ್ 4 ರೈಫಲ್ಲಿನವು. ಅದರ ವಿನ್ಯಾಸವೇ ಬೇರೆ, ನಳಿಗೆಯ ಮೂತಿ ಮರದಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ಎಷ್ಟು ಕೆತ್ತಿದರೂ ಹಳೆಯ ಮಾದರಿಗೆ ಕೂರುವುದಿಲ್ಲ.

ಯುದ್ಧಕಾಲದ ಲಿಥ್ಗೋ ರೈಫಲ್ಲುಗಳ ಮರ ಆಸ್ಟ್ರೇಲಿಯಾದ್ದೇ ಆದ ಕೋಚ್‌ವುಡ್. ಅದು ಆಕ್ರೋಟಿನ ಮರಕ್ಕಿಂತ ತಿಳಿ ಬಣ್ಣದ್ದು, ತುಸು ಮೆದು. ಟೆನಿಸ್ ರಾಕೆಟ್ಟುಗಳಿಗೆ ಹೆಸರಾದ ಸ್ಲಾಜೆಂಜರ್ ಸಂಸ್ಥೆ ಯುದ್ಧಕಾಲದಲ್ಲಿ ಈ ಮರದ ಭಾಗಗಳನ್ನು ತಯಾರಿಸಿಕೊಟ್ಟು, ತನ್ನ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನೂ ವರ್ಷವನ್ನೂ ಮರದಲ್ಲಿ ಒತ್ತುತ್ತಿತ್ತು. ಲೋಹದ ಭಾಗಗಳಲ್ಲಿಯೂ ಹೀಗೆಯೇ ಗುರುತುಗಳಿವೆ. ಜಪಾನಿನ ಭಯದಿಂದ ಉತ್ಪಾದನೆಯನ್ನು ಹಂಚಿದಾಗ ಆರೆಂಜ್ ಪಟ್ಟಣದಲ್ಲಿ ತೆರೆದ ಕಾರ್ಖಾನೆಯ ಗುರುತು ‘ಓಎ’, ಲಿಥ್ಗೋದ್ದು ‘ಎಂಎ’. ಈ ಅಕ್ಷರಗಳನ್ನು ಓದಲು ಕಲಿತ ಮೇಲೆ ಹುಡುಕಾಟದ ರೀತಿಯೇ ಬದಲಾಯಿತು. ಮಾರಾಟಗಾರನಿಗೆ ತನ್ನ ಪೆಟ್ಟಿಗೆಯಲ್ಲಿರುವುದು ಏನೆಂದು ಗೊತ್ತಿರದ ಸಂದರ್ಭಗಳಲ್ಲೂ ಅದು ಯಾವ ಊರಿನ, ಯಾವ ವರ್ಷದ ಭಾಗವೆಂದು ನಾನು ಹೇಳಬಲ್ಲವನಾದೆ.

ಹುಡುಕಿದ ಜಾಗಗಳ ಬಗ್ಗೆ ಹೇಳಬೇಕೆಂದರೆ, ದೊಡ್ಡ ಅಂಗಡಿಗಳ ಪಟ್ಟಿಯಲ್ಲಿ ಸಾಮಾನ್ಯ ತಿರುಪುಗಳು ಸಿಗುತ್ತವೆ, ಕೋಚ್‌ವುಡ್ ಸಿಗುವುದು ತೀರ ಕಡಿಮೆ. ನನಗೆ ಹೆಚ್ಚು ಫಲ ಕೊಟ್ಟಿದ್ದು ಮೂರು ದಾರಿಗಳು. ವಾರಾಂತ್ಯದ ಬಂದೂಕು ಸಂತೆಗಳಲ್ಲಿ ಹೊಳೆಯುವ ಹೊಸ ಸರಕಿನ ಮೇಜುಗಳನ್ನು ಬಿಟ್ಟು, ಮೂಲೆಯಲ್ಲಿ ಕೂತಿರುವ ವಯಸ್ಸಾದ ಮಾರಾಟಗಾರರ ಮೇಜಿನ ಕೆಳಗಿನ ಪೆಟ್ಟಿಗೆಗಳನ್ನು ಕೇಳಿ ನೋಡುವುದು ಒಂದು. ಹಳೆಯ ಬಂದೂಕು ರಿಪೇರಿಗಾರರು ತೀರಿಕೊಂಡ ಮೇಲೆ ಅವರ ಮನೆಯವರು ಕಾರ್ಯಾಗಾರದ ಸಾಮಾನುಗಳನ್ನು ಮಾರುವ ಸಂದರ್ಭ ಇನ್ನೊಂದು. ತಾವೇ ಕೊಯ್ಯದ ರೈತರಿಗೆ ರೈಫಲ್ಲುಗಳನ್ನು ಕತ್ತರಿಸಿಕೊಟ್ಟವರು ಇದೇ ರಿಪೇರಿಗಾರರಾದ್ದರಿಂದ, ತೆಗೆದ ಟೋಪಿ ಪಟ್ಟಿಗಳನ್ನು ಕೆಲವರು ಡಬ್ಬಿಗಳಲ್ಲಿ ಹಾಗೆಯೇ ಇಟ್ಟಿರುತ್ತಾರೆ. ನನ್ನ ಮೂತಿಯ ಟೋಪಿ ಹಾಗೂ ಎರಡೂ ಪಟ್ಟಿಗಳು ಬಂದದ್ದು ಅಂಥ ಒಂದು ಡಬ್ಬಿಯಿಂದ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇತರ ಸಂಗ್ರಹಕಾರರೊಡನೆ ವಿನಿಮಯ. ನನ್ನಲ್ಲಿದ್ದ ಬರ್ಮಿಂಗ್‌ಹ್ಯಾಮಿನ ಆಕ್ರೋಟ್ ಹೊದಿಕೆಯನ್ನು ಅದು ನಿಜವಾಗಿ ಬೇಕಾಗಿದ್ದವರಿಗೆ ಕೊಟ್ಟು, ಅವರಲ್ಲಿ ಸುಮ್ಮನೆ ಬಿದ್ದಿದ್ದ ಕೋಚ್‌ವುಡ್ ಫೋರ್‌ಎಂಡನ್ನು ಪಡೆದೆ. ನನಗೆ ಏನು ಬೇಕು, ನನ್ನಲ್ಲಿ ಏನಿದೆ ಎಂಬ ಎರಡು ಪಟ್ಟಿಗಳನ್ನು ಗುರುತು, ವರ್ಷಗಳ ಸಮೇತ ಬರೆದು ಪರಿಚಿತರ ಕೈಗೆ ಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ‘ಲೀ ಎನ್‌ಫೀಲ್ಡ್ ಸಾಮಾನು ಬೇಕು’ ಎಂದಷ್ಟೇ ಹೇಳುವವರಿಗೆ ಯಾರೂ ಒಳ್ಳೆಯದನ್ನು ಎತ್ತಿಡುವುದಿಲ್ಲ.

ಮರವನ್ನು ದೂರದಿಂದ ಕೊಳ್ಳುವಾಗ ಹೊರಮೈಯ ಚಿತ್ರ ನನಗೆ ಬಹುತೇಕ ಬೇಡವೇ ಬೇಡ. ಗೀರು, ಕಪ್ಪು, ಹಳೆಯ ಎಣ್ಣೆ ಇವೆಲ್ಲ ಆ ಮರದ ಆಯುಸ್ಸಿನ ಭಾಗ. ನಾನು ಕೇಳುವುದು ಒಳಮೈಯ ಚಿತ್ರವನ್ನು, ಅದರಲ್ಲೂ ಫೋರ್‌ಎಂಡಿನ ಹಿಂತುದಿಯ ಚಿತ್ರವನ್ನು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವ ಒದೆತವನ್ನೆಲ್ಲ ಅಲ್ಲಿರುವ ಎರಡು ಚಿಕ್ಕ ಮೈಗಳು ಹೊರುತ್ತವೆ. ಅವು ಸವೆದು ಒಡಲಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಒದೆತದ ಭಾರ ಬೇರೆಡೆ ಬಿದ್ದು ಮರ ಹಿಂದಿನಿಂದ ಸೀಳುತ್ತದೆ. ಕೋಚ್‌ವುಡ್ ಮೆದುವಾದದ್ದರಿಂದಲೇ ಲಿಥ್ಗೋದವರು ಆ ಜಾಗದಲ್ಲಿ ಚಿಕ್ಕ ತಾಮ್ರದ ಫಲಕಗಳನ್ನು ಕೂರಿಸಿದರು. ಫಲಕ ಬಿದ್ದುಹೋದ ಮರಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಹಾಗೆಯೇ ಹಿಂದಿನ ಹೊದಿಕೆಯ ಒಳಗಿನ ಸ್ಪ್ರಿಂಗ್ ಕ್ಲಿಪ್ಪುಗಳು ಮುರಿದಿವೆಯೇ, ಅದರ ತೆಳು ಕಿವಿಗಳು ಚಿಪ್ಪೆದ್ದಿವೆಯೇ ಎಂಬುದನ್ನೂ ಚಿತ್ರದಲ್ಲಿ ನೋಡಬೇಕು. ಇಂಥ ಚಿತ್ರಗಳನ್ನು ಕೊಡಲು ಹಿಂಜರಿಯುವವರಿಂದ ನಾನು ಕೊಳ್ಳುವುದಿಲ್ಲ.

ತಿರುಪುಗಳ ವಿಷಯದಲ್ಲಿ ಹೊಸಬರಿಗೆ ಒಂದು ಮಾತು. ಇವುಗಳ ಎಳೆ ಎನ್‌ಫೀಲ್ಡ್ ಕಾರ್ಖಾನೆಯ ಸ್ವಂತ ಅಳತೆಯದು. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಯಾವ ತಿರುಪೂ ಸರಿಹೊಂದುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಒಡಲಿನ ಎಳೆಯೇ ಹಾಳಾಗುತ್ತದೆ. ಆದ್ದರಿಂದ ಒಳಪಟ್ಟಿಯ ತಿರುಪು, ಅದರ ಸ್ಪ್ರಿಂಗ್ ಮತ್ತು ವಾಷರ್, ಟೋಪಿಯ ಕೆಳಗೆ ನಳಿಗೆಯನ್ನು ಮೇಲಕ್ಕೆ ಒತ್ತುವ ಗೂಟ ಮತ್ತು ಅದರ ಸ್ಪ್ರಿಂಗ್, ಟ್ರಿಗರ್ ಕಾವಲಿನ ಮುಂದಿನ ತಿರುಪಿನ ಸುತ್ತ ಕೂರುವ ಕೊಳವೆ, ಈ ಸಣ್ಣಪುಟ್ಟವು ಕಂಡಲ್ಲೆಲ್ಲ ಕೊಂಡಿಡುತ್ತೇನೆ. ಸೆಟ್ ಮಾರುವವರ ಚೀಲದಲ್ಲಿ ಯಾವಾಗಲೂ ಕಾಣೆಯಾಗಿರುವುದು ಇವೇ.

ಸೇರಿಸುವ ಕೆಲಸಕ್ಕೆ ಹುಡುಕಾಟಕ್ಕಿಂತ ಹೆಚ್ಚು ಸಂಯಮ ಬೇಕು. ಈ ಮಾದರಿಯ ಹೆಚ್ಚಿನ ರೈಫಲ್ಲುಗಳಲ್ಲಿ ಹಿಂದಿನ ಹಿಡಿಯನ್ನು ಬಿಗಿಯುವ ಉದ್ದ ಬೋಲ್ಟಿನ ಚೌಕ ತುದಿ ಫೋರ್‌ಎಂಡಿನ ಹಿಂತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಫೋರ್‌ಎಂಡನ್ನು ಮೊದಲು ಕಳಚದೆ ಆ ಬೋಲ್ಟನ್ನು ತಿರುಗಿಸಿದರೆ ಮರ ಒಡೆಯುವುದು ಖಂಡಿತ. ನಾನು ಪಡೆದ ಫೋರ್‌ಎಂಡಿನಲ್ಲಿ ಒಂದು ಬದಿಯ ಮೈ ಎಣ್ಣೆ ಕುಡಿದು ಮೆತ್ತಗಾಗಿತ್ತು. ಅಷ್ಟು ಭಾಗವನ್ನು ಚೂಪಾದ ಉಳಿಯಿಂದ ತೆಗೆದು, ಅದೇ ಜಾತಿಯ ಮರದ ಚೂರನ್ನು ಅದರ ಎಳೆಯ ತುದಿ ಒದೆತಕ್ಕೆ ಎದುರಾಗುವಂತೆ ಎಪಾಕ್ಸಿ ಅಂಟಿನಿಂದ ಕೂರಿಸಿದೆ. ಎಳೆ ಅಡ್ಡಲಾಗಿದ್ದರೆ ಚೂರು ಬೇಗ ಅಮುಕಿಕೊಳ್ಳುತ್ತದೆ. ನಂತರ ಒಡಲಿಗೆ ದೀಪದ ಮಸಿ ಬಳಿದು, ಕೂರಿಸಿ, ತೆಗೆದು, ಮಸಿ ತಾಗಿದ ಕಡೆ ಮಾತ್ರ ಕೆರೆಯುತ್ತ ಎರಡೂ ಬದಿ ಸಮನಾಗಿ ತಾಗುವವರೆಗೆ ಮುಂದುವರಿಸಿದೆ. ಆಮೇಲೆಯೇ ತಾಮ್ರದ ಫಲಕಗಳನ್ನು ಮತ್ತೆ ಹಾಕಿ ಇನ್ನೊಮ್ಮೆ ಮಸಿ ಹಿಡಿದು ನೋಡಿದೆ. ಟ್ರಿಗರ್ ಕಾವಲನ್ನು ಬಿಗಿದಾಗ ಅದು ಕೊಳವೆಯ ಮೇಲೆ ನಿಲ್ಲಬೇಕು, ಮರವನ್ನು ಹಿಂಡಬಾರದು. ಮುಂತುದಿಯಲ್ಲಿ ನಳಿಗೆ ಟೋಪಿಯ ರಂಧ್ರದ ನಡುವೆ, ಯಾವ ಅಂಚಿಗೂ ತಾಗದೆ, ಬೆರಳಿನಿಂದ ಕೊಂಚ ಎತ್ತಬಹುದಾದಂತೆ ಇರಬೇಕು.

ಹೊರಮೈಗೆ ಮರಳುಕಾಗದ ಹಚ್ಚಲೇ ಇಲ್ಲ. ಉಜ್ಜಿದರೆ ಮರ ಲೋಹದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಒತ್ತಿದ ಮುದ್ರೆಗಳೂ ಅಳಿಯುತ್ತವೆ. ಟರ್ಪೆಂಟೈನ್ ಬಟ್ಟೆಯಿಂದ ಹಳೆಯ ಜಿಡ್ಡನ್ನು ಒರೆಸಿ, ತಗ್ಗುಗಳಿಗೆ ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿಯ ಹಬೆ ಕೊಟ್ಟು ಎತ್ತಿ, ಹಸಿ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ಉಜ್ಜಿ ಒಣಗಲು ಬಿಟ್ಟೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬಿಸಾಡಬಾರದು, ಅವು ತಮ್ಮಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುತ್ತವೆ. ನಾನು ಅವನ್ನು ನೀರಿನ ಡಬ್ಬಿಯಲ್ಲಿ ಮುಳುಗಿಸಿಡುತ್ತೇನೆ.

ಕೊನೆಗೆ ಪರವಾನಗಿಯುಳ್ಳ ಬಂದೂಕು ತಜ್ಞರಿಂದ ಬೋಲ್ಟ್ ಮತ್ತು ಗುಂಡಿನ ಕೋಣೆಯ ಅಂತರವನ್ನು ಅಳತೆ ಮಾಡಿಸಿದೆ. ಈ ಒಂದು ಕೆಲಸವನ್ನು ಮನೆಯಲ್ಲಿ ಅಂದಾಜಿನಿಂದ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸದ್ಯ ಆ ರೈಫಲ್ಲಿನಲ್ಲಿ ಹಿಂದಿನ ಹೊದಿಕೆಯೊಂದು ಮಾತ್ರ ಆಕ್ರೋಟಿನದು. ಕ್ಲಿಪ್ಪು ಗಟ್ಟಿಯಾಗಿರುವ ಯುದ್ಧಕಾಲದ ಕೋಚ್‌ವುಡ್ ಹೊದಿಕೆ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿದೆ, ಅದಕ್ಕೆ ಬದಲಾಗಿ ಕೊಡಲು ಈಶಾಪುರದ ಒಂದು ಒಳ್ಳೆಯ ಫೋರ್‌ಎಂಡನ್ನು ಎತ್ತಿಟ್ಟಿದ್ದೇನೆ.